ಕತ್ತಿಗೂ ಮುಂಚೆ

ಹನ್ನೊಂದು ತಿಂಗಳು ಕತ್ತಿ ಮುಟ್ಟಗೊಡಲಿಲ್ಲ
ದೊನ್ ಗಸ್ಪಾರೆ.
"ನಿನ್ಫಾ, ಮೊದಲು ನೊರೆ" ಎಂದ.
ತ್ರಾಪನಿಯ ಉಪ್ಪುಗಾಳಿಗೆ ತುಕ್ಕು ತಿಂದ ಬಾಗಿಲು,
ಎರಡು ಕುರ್ಚಿ, ಅದರಲ್ಲೊಂದು ಕುಂಟು,
ಕನ್ನಡಿಯ ಕೆಳಗೆ ಮೊಳೆಗಳಲ್ಲಿ
ತಲೆಕೆಳಗಾಗಿ ನೇತುಬಿದ್ದ ನಾಲ್ಕು ಬ್ರಷ್ಷು.
ಬಾವಲಿಗಳು, ಅಂದುಕೊಂಡೆ.
ಆದರೆ ಇವು ಹಗಲಿಗೇ ಎಚ್ಚರ.

ಹಂದಿಕೂದಲಿನದು ಮೊದಲು ಕೈಗೆ ಬಂತು.
ಹೊಸದು, ಪೊರಕೆಗಿಂತ ಒರಟು,
ಬಿಸಿನೀರಿಗೆ ಅದ್ದಿದರೆ ಹಟ್ಟಿಯ ನಾತ.
ಹತ್ತು ನಿಮಿಷ ನೆನೆಯಬೇಕು ಅದು,
ನಾನೋ ಎರಡಕ್ಕೇ ಎತ್ತಿ ತಿರುವಿದೆ:
ಬಾದಾಮಿ ಸೋಪೆಲ್ಲ ನುಂಗಿ ಏನೂ ವಾಪಸು ಕೊಡಲಿಲ್ಲ,
ಸಾಲ ಇಸಕೊಂಡ ಭಾವನ ಹಾಗೆ.
"ಬೈಬೇಡ. ದಿನಾ ದುಡಿಸು. ತುದಿ ಸೀಳಲಿ."
ಈಸ್ಟರ್ ಹೊತ್ತಿಗೆ ಒಂದೊಂದು ಕೂದಲೂ
ತುದಿಯಲ್ಲಿ ಎರಡಾಗಿ ಮೂರಾಗಿ ಬಿರಿದು
ಕೆನ್ನೆಗೆ ಹಿತವಾಯಿತು. ಬುಡದಲ್ಲಿ ಅದೇ ಹಠ.
ಒಡೆದ ಮೇಲೇ ಮೆತ್ತಗಾಗುವುದು ಎಂದರೆ...
ಇರಲಿ, ಅದನ್ನು ಗಾದೆ ಮಾಡುವುದು ಬೇಡ.

ಬ್ಯಾಜರಿನದು ದೊಡ್ಡ ಮನೆತನ.
ಬೆಳ್ಳಿ ತುದಿ, ನಡುವೆ ಕಪ್ಪು ಪಟ್ಟೆ, ದಂತಬಣ್ಣದ ಹಿಡಿ.
ಎಷ್ಟು ನೀರು ಕೊಟ್ಟರೂ ಹೊಟ್ಟೆಗಿಳಿಸಿಕೊಂಡು
ಆಮೇಲೆ ಗಿರಾಕಿಯ ಕಾಲರಿನೊಳಗೆ ಬಿಟ್ಟುಬಿಡುತ್ತದೆ.
ಎರಡು ಸಲ ಕೊಡವು, ಮೂರನೆಯದಕ್ಕೆ ಕೈ ತಡೆ.
ನೀರು ಹೆಚ್ಚಾದರೆ ನೆಗಡಿ,
ಸೋಪು ಹೆಚ್ಚಾದರೆ ಸುಣ್ಣ.
ಒತ್ತಿ ಉಜ್ಜಿದೆಯೋ, ನಡುವೆ ಗುಳಿ ಬಿದ್ದು
ಸನ್ಯಾಸಿಯ ಬೋಳುನೆತ್ತಿಯಾಗುತ್ತದೆ.

ಕುದುರೆಯದು ಗಸ್ಪಾರೆಯ ಅಪ್ಪನದು.
ಯಾವ ಜೀವಕ್ಕೂ ನೋವಾಗಿಲ್ಲ ಇದರಲ್ಲಿ, ಎಂದ,
ಬಾಲ ಬಾಚುವಾಗ ಉದುರಿದ್ದನ್ನೇ ಕಟ್ಟಿದ್ದು.
ಉಪ್ಪಿನ ಗಾಡಿ ಎಳೆಯುತ್ತಿದ್ದ ಹೆಣ್ಣುಕುದುರೆಯಂತೆ.
ಹೆಸರು ನೆನಪಾಗಲಿಲ್ಲ ಅವನಿಗೆ.
ಮೂರು ದಿನ ಕಳೆದು, ಯಾರದೋ ಮೀಸೆ ಕತ್ತರಿಸುತ್ತ,
"ಮೊರೆಟ್ಟಾ!" ಎಂದು ಕೂಗಿದ.

ನೈಲಾನಿನದನ್ನು ಬ್ರಷ್ ಎಂದು ಕರೆಯುತ್ತಲೇ ಇರಲಿಲ್ಲ.
"ಅದು" ಎನ್ನುತ್ತಿದ್ದ.
ನೆನೆಹಾಕುವ ಗೋಜಿಲ್ಲ, ನಾತವಿಲ್ಲ,
ಚಿಟಿಕೆ ಹೊಡೆಯುವಷ್ಟರಲ್ಲಿ ಬಟ್ಟಲು ತುಂಬ ನೊರೆ,
ಇನ್ನೊಂದು ಚಿಟಿಕೆಗೆ ಒಣಗಿ ಮೊಳೆಗೆ ಸಿದ್ಧ.
ಶನಿವಾರದ ಸಾಲಿಗೆ, ಅವನು ಬೆನ್ನು ತಿರುಗಿಸಿದಾಗ,
ಅದನ್ನೇ ಎತ್ತಿಕೊಳ್ಳುತ್ತಿದ್ದೆ, ಸುಳ್ಳೇಕೆ.
ಟ್ಯೂನಾ ದೋಣಿಯ ಬಾರ್ತೊಲೊ ಕಣ್ಣು ಮುಚ್ಚಿಕೊಂಡೇ
"ಆಹಾ, ಕುದುರೆ ಅಂದರೆ ಕುದುರೆ" ಎಂದ.
ಗಸ್ಪಾರೆ ಕನ್ನಡಿಯಲ್ಲಿ ನನ್ನನ್ನು ನೋಡಿದ.
ಏನೂ ಅನ್ನಲಿಲ್ಲ.

ಊರ ನಲ್ಲಿಯ ನೀರು ಗಡಸು; ಮಾಳಿಗೆಯ ತೊಟ್ಟಿಯಿಂದ
ಮಳೆನೀರು ಹೊತ್ತು ತರುವುದೂ ನನ್ನ ಪಾಲಿಗೇ.
ಮೊಣಕಾಲಿನ ಮೇಲೆ, ಮುಂಗೈ ಮೇಲೆ,
ಒಂದು ರಾತ್ರಿ ಮಲಗಿದ್ದ ತಮ್ಮನ ಗಲ್ಲದ ಮೇಲೂ
ನೊರೆ ಕಟ್ಟಿ ನೋಡಿದೆ.
ಗುಳ್ಳೆಗಳು ಕಾಣುತ್ತಿದ್ದರೆ ಇನ್ನೂ ಆಗಿಲ್ಲ,
ಕಾಣದೆ ಬರೀ ಹೊಳಪು ಉಳಿದರೆ, ಆಯಿತು.

ಶಿರೊಕ್ಕೊ ಬೀಸಿದ ದಿನ.
ಸಮುದ್ರದಾಚೆಯಿಂದ ಕೆಂಧೂಳು,
ಬೀದಿಯಲ್ಲಿ ನಾಯಿಯೂ ಇಲ್ಲ.
ಅಂಥ ಗಾಳಿಗೆ ನೊರೆ
ಹಚ್ಚುತ್ತಿದ್ದಂತೆ ಹಪ್ಪಳ.
ಗಸ್ಪಾರೆ ಕತ್ತಿ ಮಸೆದು, ಬಿಚ್ಚಿ, ಕಲ್ಲಿನ ಮೇಲಿಟ್ಟು
ಸರಿಯಾಗಿದ್ದ ಕುರ್ಚಿಯಲ್ಲಿ ತಾನೇ ಕೂತು
"ಹಚ್ಚು" ಎಂದ.
ಯಾವುದರಲ್ಲಿ, ಹೇಳಲಿಲ್ಲ.

ಬೆಳಗಿನಿಂದ ನೆನೆಯುತ್ತಿದ್ದ ಹಂದಿಕೂದಲಿನದನ್ನೇ ತೆಗೆದೆ.
ಕೂದಲಿಗೆದುರು ಸುತ್ತಿ ಸುತ್ತಿ,
ಆಮೇಲೆ ಗೋಡೆಗೆ ಬಣ್ಣ ಬಳಿದಂತೆ
ಮೇಲೆ ಕೆಳಗೆ, ಮೇಲೆ ಕೆಳಗೆ.
ಕಿವಿಯ ಕೆಳಗಿನ ಹಳೆಯ ಗಾಯ
ಬಿಳಿಯಲ್ಲಿ ಮುಳುಗಿತು.
ಅಷ್ಟರಲ್ಲಿ ಅವನಿಗೆ ನಿದ್ದೆ.

ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ.
ಬಾಗಿಲ ಸಂದಿಯಿಂದ ಧೂಳು ಬಂದು ನೆಲ ಕೆಂಪಾಯಿತು.
ನೊರೆ ಬಿರಿಯಲಿಲ್ಲ.
ಮೂಗಿನ ಕೆಳಗೆ ಒಂದೇ ಒಂದು ಗುಳ್ಳೆ
ಅವನ ಉಸಿರಿಗೆ ಉಬ್ಬಿ, ಇಳಿದು, ಉಬ್ಬಿ.

ಕತ್ತಿ ಕೈಗೆಟಕುವಷ್ಟು ದೂರದಲ್ಲಿತ್ತು.
ನಾನು ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ತಾಗಿಸಿ
ಎಡಗಿವಿಯ ಬಳಿ ಒಣಗತೊಡಗಿದ್ದ ಬೆರಳಗಲವನ್ನು
ಮತ್ತೆ ಒದ್ದೆ ಮಾಡಿದೆ.